ಬೇಸಿಗೆಯಲ್ಲಿ ಮೀನು ಉಷ್ಣವಂತೆ!

ಏಪ್ರಿಲ್ ಬಂತೆಂದರೆ ಬೆಂಗಳೂರಿನ ನನ್ನ ಗೆಳೆಯರಲ್ಲಿ ಸುಮಾರು ಜನ ಮೀನು ಬಿಡುತ್ತಾರೆ. "ಉಷ್ಣ ಮಾರಾಯ, ಮೈಗೆ ಆಗಲ್ಲ." ಹಿಂದಿನ ವಾರ ಏನು ತಿಂದಿದ್ರಿ ಅಂತ ವಿಚಾರಿಸಿದರೆ ತುಪ್ಪದಲ್ಲಿ ಮುಳುಗಿದ ಸಿಗಡಿ ಘೀ ರೋಸ್ಟ್, ಜೊತೆಗೆ ಎಣ್ಣೆ ಇಳಿಯುವ ರವಾ ಫ್ರೈ. ಅಪವಾದ ಮಾತ್ರ ಪಾಪದ ಮೀನಿನ ಮೇಲೆ.

ಕುಮಟಾ, ಅಂಕೋಲಾ ಕಡೆಯ ಮೇ ತಿಂಗಳ ಸೆಕೆ ಗೊತ್ತಿದ್ದವರಿಗೆ ಗೊತ್ತು. ಫ್ಯಾನಿನ ಕೆಳಗೆ ಕೂತರೂ ಬೆವರು ಆರುವುದಿಲ್ಲ. ಅಂಥ ಸೆಕೆಯಲ್ಲೂ ನಮ್ಮ ಕಡೆ ಮಧ್ಯಾಹ್ನದ ಊಟಕ್ಕೆ ಮೀನು ಬೇಕೇ ಬೇಕು. ಆದರೆ ಅಡುಗೆ ಬೇರೆ ಥರ. ಒಂದು ಪಾತ್ರೆ ಮೊಗೆಕಾಯಿಗೆ (ಸಾಂಬಾರು ಸೌತೆ) ಒಂದು ಹಿಡಿ ಶೆಟ್ಲಿ, ಅಂದರೆ ಸಿಗಡಿ, ಬೀಳುತ್ತದೆ, ಅಷ್ಟೇ. ಬಸಳೆಗೂ ಅಷ್ಟೇ, ಹಲಸಿನ ಬೀಜಕ್ಕಾದರೆ ಒಣ ಶೆಟ್ಲಿ. ಹುಳಿಗೆ ತೋಟದ ಮಾವಿನಕಾಯಿ, ಇಲ್ಲವೇ ಹುಳಿಹಣ್ಣು ಮುರುಗಲದ ಒಣ ಸಿಪ್ಪೆ. ಖಾರಕ್ಕಿಂತ ಬಣ್ಣವೇ ಹೆಚ್ಚು ಕೊಡುವ ಬ್ಯಾಡಗಿ ಮೆಣಸು ನಾಲ್ಕೈದು. ಎಣ್ಣೆ ಬಹಳವೆಂದರೆ ಒಂದು ಚಮಚ. ಹೀಗೆ ಉಂಡು ಹೊಟ್ಟೆ ಉರಿಯಿತು ಎಂದವರನ್ನು ನಾನಂತೂ ನೋಡಿಲ್ಲ.

ನನ್ನನ್ನು ಕೇಳಿದರೆ ಬೇಸಿಗೆಯ ರಾಣಿ ಬಳಚು, ಅಂದರೆ ಚಿಪ್ಪಿಕಲ್ಲು. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತಲ್ಲ ನಮ್ಮ ಅಘನಾಶಿನಿ ಅಳಿವೆ, ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ನೀರಲ್ಲಿ ನಿಂತು ಕೆಸರಿನೊಳಗೆ ಕೈಯಾಡಿಸಿ ಆಯ್ದು ತರುವ ಬಳಚು. ತಂದ ಮೇಲೆ ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಒಳಗಿನ ಮರಳನ್ನು ತಾನೇ ಉಗುಳುತ್ತದೆ. ಆಮೇಲೆ ಪಾತ್ರೆಗೆ ಹಾಕಿ, ಒಂದಿಷ್ಟೇ ನೀರು ಬಿಟ್ಟು ಮುಚ್ಚಿಟ್ಟರೆ ಹಬೆಗೆ ಒಂದೊಂದೇ ಬಾಯಿ ತೆರೆಯುತ್ತವೆ. ತೆರೆಯದವನ್ನು ಬಿಸಾಡಿ, ಆಸೆ ಬೇಡ. ಕೆಳಗುಳಿದ ಬೂದು ಬಣ್ಣದ ನೀರನ್ನು ಮಾತ್ರ ಚೆಲ್ಲಬೇಡಿ, ರುಚಿಯೆಲ್ಲ ಅದರಲ್ಲೇ ಇದೆ. ಬಟ್ಟೆಯಲ್ಲಿ ಸೋಸಿಟ್ಟುಕೊಳ್ಳಿ. ಅದು ಮೊದಲೇ ಉಪ್ಪುಪ್ಪು, ನಾಲಿಗೆಗೆ ಹಚ್ಚಿ ನೋಡದೆ ಉಪ್ಪು ಹಾಕಿದರೆ ಕೆಟ್ಟಿತು.

ಇದರ ಜೊತೆಗೆ ಕುಮಟಾ ಸಿಹಿ ಈರುಳ್ಳಿಯೇ ಆಗಬೇಕು. ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಗೊಂಚಲು ಕಟ್ಟಿ ತೂಗುಹಾಕಿರುತ್ತಾರೆ, ಕಾರು ನಿಲ್ಲಿಸದೆ ಹೋಗುವವರು ಕಡಿಮೆ. ತೆಂಗಿನೆಣ್ಣೆಯಲ್ಲಿ ಈರುಳ್ಳಿ ಮೆತ್ತಗಾಗುವ ತನಕ ಬಾಡಿಸಿ, ಬಳಚು, ಸೋಸಿದ ನೀರು, ತರಿತರಿಯಾಗಿ ರುಬ್ಬಿದ ಕಾಯಿ-ಮೆಣಸು, ಎರಡು ಮುರುಗಲ ಸಿಪ್ಪೆ ಹಾಕಿ. ಐದು ನಿಮಿಷ ಸಾಕು. ಹೆಚ್ಚು ಕುದಿಸಿದರೆ ರಬ್ಬರು. ಶೆಟ್ಲಿಗೂ ಇದೇ ಮಾತು: ತರಕಾರಿ ಪೂರ್ತಿ ಬೆಂದ ಮೇಲೆ ಕೊನೆಗೆ ಹಾಕಿ, ಬಣ್ಣ ತಿರುಗಿ ಮುದುಡಿದ ಕೂಡಲೇ ಒಲೆ ಆರಿಸಿ.

ಇನ್ನು "ಬಂಗಡೆ ತಿಂದರೆ ಮೈ ತುರಿಸುತ್ತದೆ, ನಂಜು" ಎನ್ನುವವರಿಗೆ. ಇದು ಸುಳ್ಳಲ್ಲ, ಆದರೆ ಕಾರಣ ಬೇರೆ ಇರಬಹುದು. ಬಂಗಡೆ, ತಾರ್ಲೆ (ಬೂತಾಯಿ), ಕೇದರದಂಥ (ಟ್ಯೂನಾ) ಮೀನು ಐಸಿಲ್ಲದೆ ಬಿಸಿಲಲ್ಲಿ ಕೂತರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟಿಸುತ್ತವೆ. ಮುಖ ಕೆಂಪಾಗುವುದು, ತುರಿಕೆ, ತಲೆನೋವು ಎಲ್ಲ ಅದರ ಆಟ. ಎಷ್ಟು ಬೇಯಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆಯೇ ಹೋಗಿ, ಕಿವಿರು ಎತ್ತಿ ನೋಡಿ, ಐಸಿನಲ್ಲಿಟ್ಟದ್ದನ್ನೇ ತನ್ನಿ. ಸ್ಕೂಟರಿಗೆ ಚೀಲ ನೇತುಹಾಕಿ ಊರೆಲ್ಲ ಸುತ್ತಿ ಬಂದು ಆಮೇಲೆ ಮೀನಿಗೆ ಬೈಯಬೇಡಿ. (ಶೆಟ್ಲಿ, ಬಳಚಿನ ಅಲರ್ಜಿ ನಿಜವಾಗಿಯೂ ಇರುವವರ ವಿಷಯ ಬೇರೆ, ಅವರು ದೂರವೇ ಇರಲಿ.)

ದುಡ್ಡಿನ ಮಾತೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಅದು ಹತ್ತಿರ ಬಂದಂತೆ ಇಸವಾಣದ (ಅಂಜಲ್ ಮೀನು) ರೇಟು ಕೇಳುವ ಹಾಗಿರುವುದಿಲ್ಲ. ಆಗಲೂ ಇಸವಾಣದ ತುಂಡೇ ಬೇಕು ಅಂತ ಹಟ ಹಿಡಿಯುವುದು ನನಗೆ ಶೋಕಿ ಅನಿಸುತ್ತದೆ. ತಾರ್ಲೆಯಲ್ಲಿ ಒಮೆಗಾ-3 ಧಾರಾಳ ಇದೆ, ಕಡಿಮೆ ಬೆಲೆಗೆ ಸಿಗುತ್ತದೆ. ಅರಿಸಿನ, ಉಪ್ಪು, ಹಸಿಮೆಣಸು, ಮಾವಿನಕಾಯಿ ಹೋಳು ಹಾಕಿ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದರೆ ಕುಚ್ಚಲಕ್ಕಿ ಗಂಜಿಗೆ ಬೇರೇನೂ ಬೇಡ.

ಬೆಂಗಳೂರಿನಲ್ಲಿ ಇದೆಲ್ಲ ಎಲ್ಲಿ ಸಿಗುತ್ತೆ ಅಂತ ಕೇಳುವವರಿದ್ದೀರಿ. ನಮ್ಮ ಮೊಗೆಕಾಯಿಯನ್ನೇ ಅಲ್ಲಿ ಮಂಗಳೂರು ಸೌತೆ ಅಂತ ಮಾರುತ್ತಾರೆ, ಬಸಳೆಯೂ ಸಿಗುತ್ತದೆ. ಮುರುಗಲ ಸಿಪ್ಪೆಯನ್ನು ಕೋಕಂ ಅಂತ ಕೇಳಿ. ಬಂಗಡೆ ಸಾರಿಗೆ ಬೇಕಾದ ಜುಮ್ಮನಕಾಯಿಯದ್ದೇ (ತಿರ್ಫಲ ಎನ್ನುವ ಮಸಾಲೆಕಾಯಿ) ಕಷ್ಟ. ಊರಿಂದ ಬರುವವರ ಹತ್ತಿರ ಒಣಗಿದ್ದು ತರಿಸಿಕೊಳ್ಳಿ. ಒಳಗಿನ ಕರಿ ಬೀಜ ತೆಗೆದು ಸಿಪ್ಪೆಯನ್ನಷ್ಟೇ ಜಜ್ಜಿ ಕುದಿಯುವ ಸಾರಿಗೆ ಹಾಕಬೇಕು. ಸಿಗದಿದ್ದರೆ ಅದಿಲ್ಲದೆಯೇ ಮಾಡಿ. ಕಾಳುಮೆಣಸು ಹಾಕಿ "ಅದೇ ರುಚಿ ಬಂತು" ಅಂತ ಮಾತ್ರ ಇಲ್ಲಿ ಕಾಮೆಂಟ್ ಹಾಕಬೇಡಿ.