ಗಿಡ ಆಗಲೇ ಬಗ್ಗಿದೆ, ಸ್ವಾಮಿ

ಶಾಲೆ ಶುರುವಾಯಿತು ಅಂದರೆ ಬ್ಯಾಗಿನ ತೂಕದ ಮಾತೂ ಶುರು. 2019ರಲ್ಲಿ ಶಿಕ್ಷಣ ಇಲಾಖೆಯಿಂದ ಸುತ್ತೋಲೆ ಬಂತು, ಬ್ಯಾಗು ಇಷ್ಟೇ ತೂಗಬೇಕು ಅಂತ. 2023ರಲ್ಲಿ ಅದನ್ನೇ ಧೂಳು ಕೊಡವಿ ಮತ್ತೆ ಕಳಿಸಿದರು. ಒಂದು, ಎರಡನೇ ಕ್ಲಾಸಿಗೆ ಒಂದೂವರೆಯಿಂದ 2 ಕಿಲೋ. ಆರರಿಂದ ಎಂಟಕ್ಕೆ 3ರಿಂದ 4 ಕಿಲೋ. ಕಿರಾಣಿ ಅಂಗಡಿ ಶೆಟ್ಟರೂ ಇಷ್ಟು ನಿಯತ್ತಾಗಿ ತೂಗುವುದಿಲ್ಲ.

ಪಕ್ಕದೂರಿನ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳನ್ನು ನೋಡಿದೆ. ಬ್ಯಾಗು ಅಕ್ಕನದು. ಒಂದು ಪಟ್ಟಿ ಕಿತ್ತುಹೋಗಿ ಪಿನ್ನು ಹಾಕಿದ್ದಾರೆ. ತೂಕ ಸುತ್ತೋಲೆಗಿಂತ ಕಮ್ಮಿಯೇ ಇದ್ದೀತು. ಆದರೂ ಸೊಂಟ ಎಡಕ್ಕೆ ವಾಲಿದೆ. ಬೆಳಗಾದರೆ ಬೀದಿ ನಲ್ಲಿಯಿಂದ ನಾಲ್ಕು ಬಿಂದಿಗೆ ನೀರು. 15 ಲೀಟರಿನ ಬಿಂದಿಗೆ ಅಂದರೆ 15 ಕಿಲೋ, ಲೆಕ್ಕ ಸುಲಭ. ಸಂಜೆ ಅದೇ ಸೊಂಟದ ಮೇಲೆ ತಮ್ಮ. ಬಿಂದಿಗೆಗೂ ತಮ್ಮನಿಗೂ ಸುತ್ತೋಲೆ ಇಲ್ಲ.

ಕ್ಲಾಸಿನಲ್ಲಿ ಬೆಂಚಿಲ್ಲ. ನೆಲದ ಮೇಲೆ ನೋಟ್‌ಬುಕ್, ಅದರ ಮೇಲೆ ಹೆಚ್ಚುಕಮ್ಮಿ ಮೂಗು. ಎಡಗೈ ಊರಿ, ಒಂದು ಮಂಡಿ ಮಡಚಿ, ಮಗು ಕಾಮನಬಿಲ್ಲಾಗಿದೆ. ಮೇಷ್ಟ್ರು ಆಗಾಗ ಕೂಗುತ್ತಾರೆ, 'ನೆಟ್ಟಗೆ ಕೂತ್ಕೊಳ್ರೋ!' ನೆಟ್ಟಗೆ ಕೂತರೆ ಪೆನ್ಸಿಲು ನೋಟ್‌ಬುಕ್ಕಿಗೆ ಮುಟ್ಟುವುದಿಲ್ಲ. ಮೇಷ್ಟ್ರಿಗೂ ಅದು ಗೊತ್ತು, ಪಾಪ.

ಡ್ರಿಲ್ ಪೀರಿಯಡ್ಡಿನ ಮಾತೇ ಬೇರೆ. 'ಎದೆ ಮುಂದೆ, ಹೊಟ್ಟೆ ಒಳಗೆ!' ಹೊಟ್ಟೆ ಬೆಳಿಗ್ಗೆಯಿಂದ ಒಳಗೇ ಇದೆ. ಬಿಸಿಯೂಟದ ಗಂಟೆ ಹೊಡೆದರೆ ತಾನೇ ಹೊರಗೆ ಬರುತ್ತದೆ.

2022ರ ಅಕ್ಟೋಬರ್ ನೆನಪಿದೆಯಲ್ವಾ? ಸರ್ಕಾರಿ ಶಾಲೆ ಮಕ್ಕಳ ಅಪ್ಪ ಅಮ್ಮಂದಿರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಎತ್ತಿ ಅಂತ ಆದೇಶ. ಗಲಾಟೆಯಾಯಿತು, ವಾಪಸ್ ತಗೊಂಡರು. ಮುಂದಿನ ತಿಂಗಳೇ ದಿನಕ್ಕೆ 10 ನಿಮಿಷ ಧ್ಯಾನದ ಮಾತು. ಎಂಥಾ ಐಡಿಯಾ! ಬೆನ್ನು ನೇರ, ಕಣ್ಣು ಮುಚ್ಚು. ಕಣ್ಣು ಮುಚ್ಚಿದರೆ ಸೋರುವ ಸೂರು ಕಾಣುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಹಿರಿಯರು ಸುಮ್ನೆ ಹೇಳಿಹೋದರು. ಜಾರಿಗೆ ತಂದವರು ಮಾತ್ರ ಇವರು.

ನನಗೂ ತಮಾಷೆ ಸಾಕಾಗಿದೆ. ಒಂದು ಡೆಸ್ಕು ಕೊಡ್ರಪ್ಪ. ಮರದ್ದು, ನಾಲ್ಕು ಕಾಲಿನದು. ಅದಕ್ಕೆ ಧ್ಯಾನ ಬೇಡ, ತಕ್ಕಡಿ ಬೇಡ, ಒಬ್ಬ ಬಡಗಿ ಸಾಕು. ಈ ಸುತ್ತೋಲೆ ಕಳಿಸುವ ಅಧಿಕಾರಿಯ ಮಗ ಓದುವ ಶಾಲೆಯಲ್ಲಿ ಮಗು ನೆಲದ ಮೇಲೆ ಕೂತು ಬರೆದರೆ ಒಂದು ದಿನ ಸುಮ್ಮನಿರುತ್ತಾರಾ?

ಯೋಗ ದಿನಕ್ಕೆ ಪಕ್ಕದೂರಿನ ಆ ಸರ್ಕಾರಿ ಶಾಲೆಗೆ ಅತಿಥಿಗಳು ಬಂದಿದ್ದರು. ಅವರು ಕೂರಲು ಶಾಮಿಯಾನದ ಅಂಗಡಿಯಿಂದ ಕುರ್ಚಿ ತರಿಸಿದ್ದರು, ಒಂದೊಂದಕ್ಕೂ ಬಿಳಿ ಟವೆಲ್ಲು. ಬೆನ್ನುಮೂಳೆಯ ಮಹತ್ವದ ಬಗ್ಗೆ ಭಾಷಣವಾಯಿತು. ಮುಗಿದ ಮೇಲೆ ಕುರ್ಚಿಗಳನ್ನು ಗಾಡಿಗೆ ತುಂಬಿದವರು ಏಳನೇ ಕ್ಲಾಸಿನ ಹುಡುಗರು. ಒಬ್ಬೊಬ್ಬನ ತಲೆ ಮೇಲೆ ಮೂರು ಮೂರು.