ಸುಮ್ನೆ ನೋಡೋಕೆ ಬಂದೆ ಅಂದ್ರೆ ಸಾಕಾಗಬೇಕು

ಸರ್ಕಾರಿ ಕಟ್ಟಡದ ಬಾಗಿಲಿಗೆ ಹೋದರೆ ನಮ್ಮ ಕಡೆ ಮೊದಲು ಕೇಳುವುದು, "ಏನ್ ಕೆಲಸ ಇತ್ತು?" ಅಂತ. ಪಹಣಿ, ಖಾತೆ, ಜಾತಿ ಪ್ರಮಾಣಪತ್ರ, ಪಿಂಚಣಿ, ಏನಾದರೂ ಒಂದು ಹೇಳಬೇಕು. ಕೆಲಸ ಏನೂ ಇಲ್ಲ, ಹಳೇ ಕಟ್ಟಡ ಚೆನ್ನಾಗಿದೆ, ಸುಮ್ನೆ ನೋಡೋಕೆ ಬಂದೆ ಅಂದರೆ ಕೇಳಿದವರಿಗೂ ಮುಜುಗರ, ಹೇಳಿದವರಿಗೂ ಮುಜುಗರ.

ಕಳೆದ ಮಳೆಗಾಲದಲ್ಲಿ ಊರಿಗೆ ಬಂದಾಗ ಮಲೆನಾಡಿನ ಒಂದು ಹಳೆಯ ಕಚೇರಿಯಲ್ಲಿ ನನಗೆ ಆಗಿದ್ದು ಇದೇ. ಮಂಗಳೂರು ಹೆಂಚಿನ ಮಾಡು, ಎತ್ತರದ ಜಗುಲಿ, ಕೈಯಲ್ಲಿ ತಬ್ಬಲು ಆಗದಷ್ಟು ದಪ್ಪದ ಮರದ ಕಂಬಗಳು. ಕಂಬದ ಬುಡದ ಕೆತ್ತನೆ ನೋಡುತ್ತಾ ನಿಂತಿದ್ದೆ. ಒಬ್ಬರು ಬಂದು ಮರ್ಯಾದೆಯಿಂದಲೇ ಕೇಳಿದರು, "ಯಾರನ್ನ ನೋಡಬೇಕಿತ್ತು ಸರ್?" ಯಾರನ್ನೂ ಅಲ್ಲ ಅಂದೆ. ಹಾಗಾದರೆ ಹೊರಗೆ ನಿಂತುಕೊಳ್ಳಿ ಅಂದರು. ಅವರನ್ನು ನಾನು ದೂರುವುದಿಲ್ಲ. ಸುಮ್ನೆ ನೋಡಲು ಬರುವ ಜನ ಇರುತ್ತಾರೆ ಅನ್ನುವುದೇ ನಮ್ಮ ಕಚೇರಿಗಳ ಲೆಕ್ಕದಲ್ಲಿ ಇಲ್ಲ.

ನಾನು ಈಗ ಇರುವುದು ಆಸ್ಟಿನ್‌ನಲ್ಲಿ. ಟೆಕ್ಸಾಸ್ ರಾಜ್ಯದ ರಾಜಧಾನಿ. ಅಲ್ಲಿನ ಕ್ಯಾಪಿಟಲ್‌ನಲ್ಲೇ ಶಾಸನಸಭೆ ಕೂರುತ್ತದೆ, ಗವರ್ನರ್ ಕಚೇರಿಯೂ ಅಲ್ಲೇ. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿಯ ಕೆಲಸ ಮಾಡುವವರು. 1882ರಲ್ಲಿ ಕಟ್ಟಲು ಶುರುಮಾಡಿ 1888ರಲ್ಲಿ ಮುಗಿಸಿದ ಕೆಂಪು ಗ್ರಾನೈಟ್ ಕಟ್ಟಡ ಅದು. ಆಗ ಸರ್ಕಾರದ ಹತ್ತಿರ ದುಡ್ಡು ಇರಲಿಲ್ಲ, ಜಮೀನು ಇತ್ತು. ಕಟ್ಟಿಸಿಕೊಟ್ಟವರಿಗೆ ದುಡ್ಡಿನ ಬದಲು 30 ಲಕ್ಷ ಎಕರೆ ಜಮೀನು ಬರೆದುಕೊಟ್ಟರು.

ಒಳಗೆ ಹೋಗುವಾಗ ಬ್ಯಾಗ್ ತಪಾಸಣೆ ಮಾಡುತ್ತಾರೆ, ಅಷ್ಟೇ. ಏನು ಕೆಲಸ ಅಂತ ಯಾರೂ ಕೇಳುವುದಿಲ್ಲ. ಟಿಕೆಟ್ ಇಲ್ಲ. ಗೈಡ್ ಬೇಕು ಅಂದರೆ ಅದೂ ಉಚಿತ. ನಡುವಿನ ದೊಡ್ಡ ಗುಮ್ಮಟದ ಕೆಳಗೆ ನಿಂತು ತಲೆ ಎತ್ತಿದರೆ ತುದಿಯಲ್ಲಿ ಒಂದು ನಕ್ಷತ್ರ ಕಾಣಿಸುತ್ತದೆ. ಅಂಗೈಯಷ್ಟು ಅನ್ನಿಸುತ್ತದೆ, ಅಳತೆ 8 ಅಡಿ. ಶಾಲೆ ಮಕ್ಕಳು ಬಂದರೆ ನೆಲದ ಮೇಲೆ ಅಂಗಾತ ಮಲಗಿ ಅದನ್ನು ನೋಡುತ್ತಾರೆ. ಮೇಷ್ಟ್ರು ಬೈಯುವುದಿಲ್ಲ, ಕಾವಲಿನವರು ಏಳಿಸುವುದಿಲ್ಲ. ಮಕ್ಕಳ ಬೆನ್ನ ಕೆಳಗೆ, ನೆಲದಲ್ಲೇ, ಆ ನಾಡನ್ನು ಆಳಿದ ಆರು ದೇಶಗಳ ಮುದ್ರೆಗಳಿವೆ: ಸ್ಪೇನ್, ಫ್ರಾನ್ಸ್, ಮೆಕ್ಸಿಕೋ, ಸ್ವತಂತ್ರ ಟೆಕ್ಸಾಸ್, ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾಗಿದ್ದ ದಕ್ಷಿಣದ ರಾಜ್ಯಗಳ ಒಕ್ಕೂಟ, ಅಮೆರಿಕ. ಸುತ್ತಲೂ ಗೋಡೆಯ ಮೇಲೆ ಹಿಂದಿನ ಗವರ್ನರ್‌ಗಳ ಚಿತ್ರಗಳು. ಹೊಸಬರ ಚಿತ್ರ ಬಂದಾಗ ಉಳಿದ ಎಲ್ಲವೂ ಒಂದೊಂದು ಜಾಗ ಹಿಂದಕ್ಕೆ ಸರಿಯಬೇಕು. ಬಾಗಿಲಿನ ತಿರುಗಣೆಗಳ ಮೇಲೂ ಟೆಕ್ಸಾಸ್ ಕ್ಯಾಪಿಟಲ್ ಅಂತ ಅಚ್ಚು ಹಾಕಿದ್ದಾರೆ. ದಕ್ಷಿಣ ಬಾಗಿಲ ಹತ್ತಿರದ ಎರಡು ಅಮೃತಶಿಲೆಯ ಪ್ರತಿಮೆಗಳನ್ನು ಕಡೆದವಳು ಜರ್ಮನಿಯಿಂದ ಬಂದು ನೆಲೆಸಿದ ಎಲಿಸಬೆತ್ ನೈ ಎಂಬ ಕಲಾವಿದೆ.

ಇದರ ಜೊತೆಗೆ ಇನ್ನೊಂದು ಏರ್ಪಾಡು ಇದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಅದು. ಶಾಸಕರೊಬ್ಬರ ಬೆಂಬಲ ಇದ್ದರೆ ಸಂಘ ಸಂಸ್ಥೆಗಳು ಕಟ್ಟಡದೊಳಗೆ ಕೆಲವು ದಿನ ತಮ್ಮ ಪ್ರದರ್ಶನ ಇಡಬಹುದು. ಕಾನೂನು ಮಾಡುವವರು ನಡೆದುಹೋಗುವ ದಾರಿಯಲ್ಲೇ ಜನ ತಮ್ಮ ಕೆಲಸವನ್ನು, ಕಷ್ಟವನ್ನು ತೂಗುಹಾಕುತ್ತಾರೆ.

ಟೆಕ್ಸಾಸ್‌ನವರು ಒಳ್ಳೆಯವರು, ನಾವು ಕೆಟ್ಟವರು ಅಂತ ಹೇಳಲು ಇದನ್ನೆಲ್ಲ ಬರೆಯುತ್ತಿಲ್ಲ. ಆ ಕಟ್ಟಡಕ್ಕೆ ಕಲ್ಲು ಒಡೆದವರಲ್ಲಿ ಜೈಲಿನ ಕೈದಿಗಳಿದ್ದರು. ಅದನ್ನು ವಿರೋಧಿಸಿ ಅಲ್ಲಿನ ಕಲ್ಲುಕುಟಿಗರ ಸಂಘ ಕೆಲಸ ಬಹಿಷ್ಕರಿಸಿತು. ಆಗ ಸ್ಕಾಟ್ಲೆಂಡ್‌ನಿಂದ ಕುಟಿಗರನ್ನು ಕರೆಸಿದರು. ಅಮೆರಿಕದ ಅಂತರ್ಯುದ್ಧಕ್ಕೆ ಗುಲಾಮಗಿರಿ ಕಾರಣವೇ ಅಲ್ಲ ಅಂತ ಬರೆದ ಒಂದು ಫಲಕ 1959ರಿಂದ ಒಳಗೋಡೆಯ ಮೇಲೆ ಇತ್ತು. ಅದನ್ನು ತೆಗೆಸಲು 2019ರ ಜನವರಿವರೆಗೆ ಕಾಯಬೇಕಾಯಿತು. ಕಪ್ಪು ಜನರ ಇತಿಹಾಸದ ಸ್ಮಾರಕ ಅಂಗಳಕ್ಕೆ ಬಂದಿದ್ದು 2016ರಲ್ಲಿ. ಆದರೆ ಜಗಳ ನಡೆದಿದ್ದು ಎಲ್ಲರ ಎದುರು. ಫಲಕ ದಿನಾ ಕಣ್ಣಿಗೆ ಬೀಳುತ್ತಿತ್ತು, ಅದಕ್ಕೇ ಅದು ಸುಳ್ಳು ಅಂತ ಹೇಳುವವರೂ ಹುಟ್ಟಿಕೊಂಡರು. ಜನ ಒಳಗೆ ಬರದ ಕಟ್ಟಡದಲ್ಲಿ ಇಂಥ ಜಗಳವಾದರೂ ಹೇಗೆ ಶುರುವಾಗಬೇಕು?

ನಮ್ಮ ಜಿಲ್ಲೆಯಲ್ಲಿ ಸುಮ್ನೆ ನೋಡಲು ಹೋಗಬಹುದಾದ ಒಂದು ಸರ್ಕಾರಿ ಕಟ್ಟಡ ಇದೆ. ಶಿವಮೊಗ್ಗ ಕೋಟೆ ಭಾಗದಲ್ಲಿ, ತುಂಗೆಯ ದಡದಲ್ಲಿರುವ ಶಿವಪ್ಪನಾಯಕ ಅರಮನೆ. ಹೆಸರು 1645ರಿಂದ 1660ರವರೆಗೆ ಆಳಿದ ಕೆಳದಿ ಅರಸನದ್ದು. ಈಗಿನ ಕಟ್ಟಡ ಹೈದರಾಲಿ ಕಾಲದ್ದು ಅನ್ನುವ ವಾದವೂ ಇದೆ. ಅದೇನೇ ಇರಲಿ, ಮರದ ಕಂಬಗಳ ಆ ದರ್ಬಾರ್ ಹಾಲ್‌ನಲ್ಲಿ ನಿಂತರೆ ಹೊರಗಿನ ಬಿಸಿಲು, ಬಸ್ಸಿನ ಹಾರನ್ ಎಲ್ಲ ದೂರವಾಗುತ್ತವೆ. ಸುತ್ತಲಿನ ಊರುಗಳಿಂದ ತಂದ ಶಿಲ್ಪಗಳು, ವೀರಗಲ್ಲುಗಳು, ಮಾಸ್ತಿಕಲ್ಲುಗಳು ಅಲ್ಲಿವೆ. ಆಸ್ಟಿನ್‌ನಲ್ಲಿ ಹಳೆಯದು ಅಂದರೆ ನೂರೈವತ್ತು ವರ್ಷ. ಇಲ್ಲಿ ಎಂಟುನೂರು, ಒಂಬೈನೂರು ವರ್ಷದ ಕಲ್ಲನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಬಹುದು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಕೆಳಗಿನದರಲ್ಲಿ ಕಾಳಗ: ಒಬ್ಬನ ಕೈಯಲ್ಲಿ ಬಿಲ್ಲು, ಎದುರಿಗೆ ನಾಲ್ಕೈದು ಜನ. ಕೆಲವು ಕಲ್ಲುಗಳಲ್ಲಿ ಪಕ್ಕದಲ್ಲೇ ದನಗಳ ಸಾಲು, ಯಾಕೆಂದರೆ ಜಗಳ ಹುಟ್ಟಿದ್ದೇ ತುರು ಹೊಡೆದುಕೊಂಡು ಹೋಗಿದ್ದಕ್ಕೆ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಇಬ್ಬರು ಅಪ್ಸರೆಯರು ತೋಳು ಹಿಡಿದು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಮಾಸ್ತಿಕಲ್ಲಿನಲ್ಲಿ ಒಂದು ಕಂಬದಿಂದ ಹೆಂಗಸಿನ ಕೈ ಹೊರಗೆ ಚಾಚಿರುತ್ತದೆ, ಮೊಣಕೈ ಮಡಿಚಿ, ಬೆರಳು ಮೇಲೆ. ಮುಂಗೈ ತುಂಬ ಬಳೆ. ಗಂಡ ಸತ್ತರೂ ಬಳೆ ಒಡೆದಿಲ್ಲ, ಯಾಕೆಂದರೆ ಅವಳೂ ಅವನ ಜೊತೆ ಬೆಂಕಿಗೆ ಹೋದಳು. ಹತ್ತು ವರ್ಷದ ಹುಡುಗಿಗೆ ಇದನ್ನು ಯಾರಾದರೂ ಕೂತು ಹೇಳಬೇಕು. ಹೇಳಿದ ಮೇಲೆ ಅವಳು ಕೇಳುವ ಪ್ರಶ್ನೆಗಳಿಗೂ ಉತ್ತರ ಕೊಡಬೇಕು. 'ಮಾಸ್ತಿಕಲ್ಲು, ಇಂಥ ಶತಮಾನ' ಅಂತ ಒಂದು ಸಾಲಿನ ಫಲಕ ನೆಟ್ಟರೆ ಈ ಕೆಲಸ ಆಗುವುದಿಲ್ಲ. ಎಲ್ಲ ಕಡೆಯೂ ಗೈಡ್ ಇಡಲು ಆಗದಿರಬಹುದು. ಆದರೆ ಕಲ್ಲಿನ ಪಕ್ಕದಲ್ಲಿ ಹತ್ತು ಸಾಲು ಸರಳ ಕನ್ನಡ ಬರೆಸಲು ಆಗುತ್ತದೆ, ಅಲ್ವಾ?

ಈಗ ಆ ಹಳೆಯ ಕಚೇರಿಗೆ ವಾಪಸ್ ಬರುತ್ತೇನೆ. ಅಲ್ಲಿ ಬೆಂಚುಗಳ ಮೇಲೆ ಇಪ್ಪತ್ತು ಮೂವತ್ತು ಜನ ಕೂತಿದ್ದರು. ಬಹಳ ಜನ ಜಮೀನಿನ ಕೆಲಸಕ್ಕೆ ಬಂದವರು. ಪೋಡಿ, ಸರ್ವೆ, ಬಗರ್‌ಹುಕುಂ. ಬೆಳಿಗ್ಗೆ ಬಂದವರು ಮಧ್ಯಾಹ್ನದವರೆಗೆ ಎದುರಿನ ಖಾಲಿ ಗೋಡೆ ನೋಡುತ್ತಾ ಕೂತಿರುತ್ತಾರೆ. ಆ ಗೋಡೆಯ ಮೇಲೆ ಏನೇನು ಇರಬಹುದಿತ್ತು ಅಂತ ಯೋಚನೆ ಮಾಡಿ.

ಶಿವಪ್ಪನಾಯಕನ ಹೆಸರು ಇವತ್ತಿಗೂ ಉಳಿದಿರುವುದು ಯುದ್ಧಕ್ಕಿಂತ ಜಾಸ್ತಿ ಅವನ ಕಂದಾಯದ ಶಿಸ್ತಿನಿಂದ. ಬೇರೆ ಬೇರೆ ಬಗೆಯ ಭೂಮಿಯಲ್ಲಿ ಐದು ವರ್ಷ ಬೆಳೆ ತೆಗೆಸಿ, ಬಿತ್ತಿದ್ದು ಎಷ್ಟು, ಬೆಳೆದದ್ದು ಎಷ್ಟು, ಬೆಲೆ ಎಷ್ಟು ಅಂತ ಬರೆಸಿದ. ಅದರ ಸರಾಸರಿ ಮೇಲೆ ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಅಂತ ಗೊತ್ತುಮಾಡಿದ. ಅಡಿಕೆ ತೋಟಕ್ಕೆ ಬೇರೆ ಅಳತೆ. ಸಾಗರದ ಹತ್ತಿರದ ಇಕ್ಕೇರಿಯಲ್ಲಿ ಅಘೋರೇಶ್ವರ ದೇವಸ್ಥಾನ ಇದೆಯಲ್ಲ, ಅದರ ನಡುಗಂಬಗಳ ನಡುವಿನ ಅಂತರವೇ ತೋಟದ ಅಳತೆಗೋಲು ಆಗಿತ್ತು ಅಂತ ಬಿ.ಎಲ್. ರೈಸ್ ಅವರ ಹಳೆಯ ಗೆಜೆಟಿಯರ್ ಹೇಳುತ್ತದೆ. ಈಗಿನ ಲೆಕ್ಕದಲ್ಲಿ 18 ಅಡಿ 6 ಇಂಚು. ತನ್ನ ತೋಟದ ಅಳತೆಯಲ್ಲಿ ಅನುಮಾನ ಬಂದವನು ಹೋಗಿ ನೋಡಿಕೊಳ್ಳಬಹುದಾದ ಅಳತೆ, ಎಲ್ಲರೂ ಬರುವ ಜಾಗದಲ್ಲಿ, ಕಲ್ಲಿನಲ್ಲಿ ನಿಂತಿತ್ತು. ಇವತ್ತೂ ನಿಂತಿದೆ. ಎರಡು ಕಂಬಗಳ ನಡುವೆ ನೀವೇ ಹೆಜ್ಜೆ ಹಾಕಿ ನೋಡಬಹುದು.

ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರು ಎದ್ದು ನಿಂತರು. ಅಲ್ಲೂ ಅಳತೆಯದೇ ಮಾತು. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನುವುದೂ ಆ ಜಗಳದಲ್ಲಿ ಇತ್ತು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ, ಉಳುವವನೇ ಹೊಲದೊಡೆಯ ಅನ್ನುವ ಕಾನೂನು ಜಾರಿಗೆ ಬಂತು. ಆ ಕಾನೂನಿನಿಂದ ಸಿಕ್ಕ ಜಮೀನಿನ ಪಹಣಿಗಾಗಿ ಕೂತ ಮೊಮ್ಮಗನೂ ಆ ಬೆಂಚಿನ ಮೇಲೆ ಇರಬಹುದು. ಅವನ ಎದುರಿಗೆ ಇಕ್ಕೇರಿ ಕಂಬಗಳ ಒಂದು ಫೋಟೋ, ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಳೇ ಕೊಳಗ, ಪಕ್ಕದಲ್ಲಿ ಎರಡು ಪುಟದ ಕಥೆ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ.

ನಮ್ಮ ಜನ ಗೋಡೆ ಹಾಳು ಮಾಡುತ್ತಾರೆ, ಹೆಸರು ಗೀಚುತ್ತಾರೆ, ಕವಳ ಹಾಕಿ ಉಗುಳುತ್ತಾರೆ ಅನ್ನುವ ಮಾತು ಬರುತ್ತದೆ. ಊರಿನ ಗೆಳೆಯರೇ ನನಗೆ ಹೀಗೆ ಹೇಳಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ಇದೇ ಜನರ ಮನೆಗೋಡೆಗಳನ್ನು ನೋಡಿ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಯಲ್ಲಿ ಮದುವೆ ಬಂದರೆ ಹಸೆಗೋಡೆ ಬರೆಯುತ್ತಾರೆ. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆಯುತ್ತಾರೆ. ಕಪ್ಪು ಬೇಕಾದರೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದರೆ ಪುಂಡಿ ನಾರು. ಒಂದು ಎಳೆ ಪಕ್ಕ ಇನ್ನೊಂದು ಎಳೆ, ನಡುವೆ ಕೂದಲೆಳೆಯಷ್ಟು ಜಾಗ, ಎಲ್ಲೂ ಒಂದಕ್ಕೊಂದು ತಾಗುವುದಿಲ್ಲ. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಇದೇ ಚಿತ್ತಾರ ಬರುತ್ತದೆ. ಆ ಮನೆಯ ಮಗು ಅದರ ಮೇಲೆ ಗೀಚುವುದಿಲ್ಲ, ಬರೆದವಳು ತನ್ನ ಅಮ್ಮ ಅಂತ ಅದಕ್ಕೆ ಗೊತ್ತು. ಈ ಹೆಂಗಸರನ್ನೇ ಕರೆದು, ಸರಿಯಾದ ಸಂಭಾವನೆ ಕೊಟ್ಟು, ಕಚೇರಿಯ ಪಡಸಾಲೆಯ ಗೋಡೆ ಒಪ್ಪಿಸಿ. ಕೆಳಗೆ ಅವರ ಹೆಸರು, ಊರು ಬರೆಸಿ. ಆಮೇಲೂ ಯಾರಾದರೂ ಉಗುಳಿದರೆ ಪಕ್ಕದಲ್ಲಿ ಕೂತವರೇ ಬಿಡುವುದಿಲ್ಲ ಅಂತ ನನ್ನ ನಂಬಿಕೆ.

2025ರಲ್ಲಿ ಬೆಂಗಳೂರಿನ ವಿಧಾನಸೌಧವನ್ನು ಗೈಡ್ ಜೊತೆ ಸುತ್ತಿ ನೋಡುವ ವ್ಯವಸ್ಥೆ ಶುರುವಾಯಿತು. 1956ರಲ್ಲಿ ಮುಗಿದ ಕಟ್ಟಡ, ಇಷ್ಟು ವರ್ಷ ಬಹಳ ಜನ ಗೇಟಿನ ಹೊರಗೆ ನಿಂತು ಫೋಟೋ ತೆಗೆಸಿಕೊಂಡಿದ್ದೇ ಜಾಸ್ತಿ. ಸುದ್ದಿ ಓದಿ ನನಗೆ ತುಂಬಾ ಖುಷಿಯಾಯಿತು. ರಾಜಧಾನಿಯಲ್ಲಿ ಆಗಿದ್ದು ಜಿಲ್ಲೆಗೂ ಬರಲಿ, ತಾಲ್ಲೂಕಿಗೂ ಬರಲಿ.

ಶಿವಮೊಗ್ಗ ಜಿಲ್ಲೆಯಲ್ಲಿ ಏಳು ತಾಲ್ಲೂಕು. ಜಿಲ್ಲಾ ಕೇಂದ್ರದ ಯಾವುದಾದರೂ ಒಂದು ಹಳೆಯ ಕಟ್ಟಡದಲ್ಲಿ ಏಳು ಗಾಜಿನ ಕಪಾಟು ಇಡಿಸಿ, ಒಂದೊಂದು ತಾಲ್ಲೂಕಿಗೆ ಒಂದೊಂದು ಕೊಡಿ. ವರ್ಷಕ್ಕೊಮ್ಮೆ ಅವರೇ ಬದಲಾಯಿಸಲಿ. ಭದ್ರಾವತಿಯವರು 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯ ಸಾಮಾನು ಇಡಬಹುದು. ಸಾಗರ, ಸೊರಬದಲ್ಲಿ ಗುಡಿಗಾರರ ಗಂಧದ ಕೆತ್ತನೆ ಇದೆ. ಶಿಕಾರಿಪುರದವರಿಗೆ ಆರಿಸುವುದೇ ಕಷ್ಟ: ತಾಳಗುಂದದ ಕದಂಬರ ಕಂಬಶಾಸನ, ಬಳ್ಳಿಗಾವಿ, 1942ರಲ್ಲಿ ತಾನು ಸ್ವತಂತ್ರ ಅಂತ ಸಾರಿದ ಈಸೂರು, ಆ ಹೋರಾಟದಲ್ಲಿ ಗಲ್ಲಿಗೇರಿದ ಐವರು. ತೀರ್ಥಹಳ್ಳಿಯವರಿಗೂ ಶಿವಮೊಗ್ಗದವರಿಗೂ ನಾನು ಹೇಳಿಕೊಡಬೇಕಾಗಿಲ್ಲ. ಹೊಸನಗರದ ಕಪಾಟಿನಲ್ಲಿ ಮಾತ್ರ ನನಗೆ ನೋಡಬೇಕೆನಿಸುವುದು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಹೆಸರುಗಳನ್ನು. 1964ರಲ್ಲಿ ಅಣೆಕಟ್ಟು ಮುಗಿಯಿತು. ಊರು ಬಿಟ್ಟು ಹೊರಟವರಲ್ಲಿ ಹಲವರು ಇನ್ನೂ ಬದುಕಿದ್ದಾರೆ. ತಮ್ಮ ಮನೆ ಎಲ್ಲಿತ್ತು, ದೇವಸ್ಥಾನ ಎಲ್ಲಿತ್ತು, ಯಾವ ಗದ್ದೆ ಯಾರದು ಅಂತ ನೆನಪಿನಿಂದ ನಕ್ಷೆ ಬರೆದುಕೊಡಬಲ್ಲವರು ಅವರು. ಮೊದಲು ಅವರ ಹತ್ತಿರ ಹೋಗಿ ಕೇಳಲಿ. ಆ ಕಪಾಟು ಮುಂದಿನ ವರ್ಷಕ್ಕೆ ಕಾಯುವಂಥದ್ದಲ್ಲ.