ಡೈನೋಸಾರ್ ಹೆಜ್ಜೆ, ಇಳಕಲ್ ಸೀರೆ

ಮಕ್ಕಳಿಗೆ ಬಣ್ಣದ ಆಟ ಕಲಿಸುವ ವಿಡಿಯೋಗಳಲ್ಲಿ ಸೋಫಾ ಯಾವಾಗಲೂ ಬಿಳಿ. ತಾಯಿಯ ಕುರ್ತಾನೂ ಬಿಳಿ. ಮಗು ಆಟಿಕೆ ಕಾರನ್ನು ಬಣ್ಣದಲ್ಲಿ ಅದ್ದಿ, ಹಾಳೆಯ ಮೇಲೆ ಒಂದು ಸುತ್ತು ಓಡಿಸಿ, ತಿರುಗಿ ತಟ್ಟೆಯಲ್ಲೇ ಇಡುತ್ತದೆ. ಅಂಥ ಮಗುವನ್ನು ಬಾಗಲಕೋಟೆ ಜಿಲ್ಲೆಯಲ್ಲಂತೂ ನಾನು ನೋಡಿಲ್ಲ.

ಆದರೆ ಏಪ್ರಿಲ್ ಬಂತೆಂದರೆ ನವನಗರದಲ್ಲಿ ಬೇರೆ ದಾರಿಯೇನಿದೆ? ಬೆಳಿಗ್ಗೆ ಹತ್ತಕ್ಕೇ ನೆತ್ತಿ ಸುಡುವ ಬಿಸಿಲು, ಶಾಲೆಗೆ ರಜೆ, ನಾಲ್ಕು ವರ್ಷದ ಹುಡುಗನನ್ನು ಹೊರಗೆ ಬಿಡುವ ಹಾಗಿಲ್ಲ, ಒಳಗಿದ್ದರೆ ಮೊಬೈಲ್ ಬೇಕು. ಅಕ್ರಿಲಿಕ್ ಬಣ್ಣ ಬೇಡವೇ ಬೇಡ, ಒಣಗಿದರೆ ಬಟ್ಟೆ ಬಿಟ್ಟು ಏಳುವುದಿಲ್ಲ. ಅಲ್ಲದೆ ನಮ್ಮವನು ಸಿಕ್ಕಿದ್ದನ್ನೆಲ್ಲ ಮೊದಲು ನೆಕ್ಕಿ ನೋಡುವ ಪೈಕಿ. ಹಾಗಾಗಿ ಮನೆಯಲ್ಲೇ ಬಣ್ಣ. ಮೈದಾಕ್ಕೆ ನೀರು, ಚೂರು ಉಪ್ಪು ಹಾಕಿ ಗಂಟಾಗದಂತೆ ಕುದಿಸಿದೆ. ದೋಸೆ ಹಿಟ್ಟಿನ ಹದಕ್ಕೆ ಬಂದ ಮೇಲೆ ಒಂದು ಬಟ್ಟಲಿಗೆ ಅರಿಶಿನ, ಒಂದಕ್ಕೆ ಬೀಟ್‌ರೂಟ್ ರಸ, ಇನ್ನೊಂದಕ್ಕೆ ರುಬ್ಬಿದ ಪಾಲಕ್.

"ಏನ್ ಕುದಿಯಾಕ ಹತ್ತೈತಿ?" ಅಂದರು ಅತ್ತೆ.

"ಬಣ್ಣ ರೀ ಅತ್ತಿ."

"ಆತು. ಉಣ್ಣಾಕ ಏನೈತಿ?"

ಕುಂಚ ಕೊಡಲಿಲ್ಲ. ಈ ವಯಸ್ಸಿನವರು ಕುಂಚವನ್ನು ಸೌಟಿನ ಹಾಗೆ ಮುಷ್ಟಿಯಲ್ಲಿ ಹಿಡಿದು ಹಾಳೆ ಹರಿಯುವವರೆಗೂ ತಿಕ್ಕುತ್ತಾರೆ. ಆಟಿಕೆಯಾದರೆ ಹಿಡಿಯುವುದು ಯಾರೂ ಕಲಿಸಬೇಕಿಲ್ಲ. ಜೋಡಿಸುವ ಬ್ಲಾಕಿನ ಗುಬುಟುಗಳನ್ನು ಬಣ್ಣಕ್ಕೆ ಒತ್ತಿ ಹಾಳೆಗೆ ಒತ್ತಿದರೆ ಸಾಲಾಗಿ ಚುಕ್ಕಿ. ಡೈನೋಸಾರ್ ಕಾಲಿಗೆ ಮೂರು ಬೆರಳು, ಚಂದ ಮೂಡುತ್ತದೆ. ನನಗೆ ಜಾಸ್ತಿ ಇಷ್ಟವಾಗಿದ್ದು ಗೋಲಿಯಾಟ: ಅಂಚಿರುವ ತಾಟಿನಲ್ಲಿ ಹಾಳೆ ಹಾಸಿ, ಬಣ್ಣ ಮೆತ್ತಿದ ಗೋಲಿ ಬಿಟ್ಟು, ತಾಟನ್ನು ಆಚೀಚೆ ಓಲಾಡಿಸುವುದು. ಗೆರೆಗಳು ತಾವೇ ಹೆಣೆದುಕೊಳ್ಳುತ್ತವೆ. (ಬಾಯಿಗೆ ಹಾಕಿಕೊಳ್ಳುವ ಮಕ್ಕಳಿದ್ದರೆ ಗೋಲಿ ಬೇಡ, ಗಂಟಲಿಗೆ ಸಿಕ್ಕೀತು. ನಮ್ಮನೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಚೆಂಡು.)

ಎಲ್ಲಕ್ಕಿಂತ ಚೆನ್ನಾಗಿ ಮೂಡುವುದು ಟ್ರ್ಯಾಕ್ಟರ್ ಚಕ್ರ. ನುಣುಪಾದ ಕಾರಿನ ಚಕ್ರ ಬಣ್ಣ ಬಳಿಯುತ್ತದೆ ಅಷ್ಟೇ, ಟ್ರ್ಯಾಕ್ಟರಿನದು ಹಲ್ಲು ಹಲ್ಲಾಗಿ ಅಚ್ಚೊತ್ತುತ್ತದೆ. ತೊಂದರೆ ಏನೆಂದರೆ ನಮ್ಮ ಕಡೆಯ ಹುಡುಗರಿಗೆ ಟ್ರ್ಯಾಕ್ಟರ್ ಅಂದರೆ ಕಬ್ಬಿನ ಟ್ರ್ಯಾಕ್ಟರ್. ಮುಧೋಳ, ಜಮಖಂಡಿ ರಸ್ತೆಯಲ್ಲಿ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುತ್ತವಲ್ಲ, ಅವು. ಕಬ್ಬಿನ ಗಾಡಿ ಸುಮ್ನೆ ಹಾಳೆಯ ಮೇಲೆ ಸುತ್ತುತ್ತಾ ಕೂರುತ್ತದೆಯೇ? ಅದು ಫ್ಯಾಕ್ಟರಿಗೆ ಹೋಗಬೇಕು. ಫ್ಯಾಕ್ಟರಿ ದಿವಾನದ ಕೆಳಗಿತ್ತು. ಹಾಳೆಯಿಂದ ಹೊರಟ ಹಳದಿ ಪಟ್ಟೆ ಚಾಪೆ ದಾಟಿ, ಹೊಸ್ತಿಲು ಹತ್ತಿ ಇಳಿದು, ಊಟ ಮುಗಿಸಿ ನೆಲಕ್ಕೇ ಒರಗಿ ಕಣ್ಣು ಮುಚ್ಚಿದ್ದ ಅತ್ತೆಯವರನ್ನು ಬಳಸಿ ಹೋಗಿತ್ತು. ಹಿಂದೆಯೇ ಬಂದ ಡೈನೋಸಾರ್ ಬಳಸಿ ಹೋಗಲಿಲ್ಲ. ಇಳಕಲ್ ಸೀರೆಯ ಕೆಂಪು ಸೆರಗಿನ ಬಿಳಿ ಗೆರೆಗಳ ಮೇಲೇ ನಡೆದು ಆಚೆ ಇಳಿಯಿತು. ಮೂರು ಬೆರಳು ಸ್ಪಷ್ಟ.

ಆಗ ಮನೆಗೆ ಬಂದ ನಮ್ಮೆಜಮಾನರು, ಅವ್ವ ಏಳುವುದರೊಳಗೆ ತೊಳೆದುಬಿಡೋಣ ಅಂತ ಸಾಬೂನು ಹಚ್ಚಿ ತಿಕ್ಕಿದರು. ಹಳದಿ ಹೆಜ್ಜೆ ಕಣ್ಣೆದುರೇ ಕೆಂಪಾಯಿತು. "ಸೀರಿ ಬಣ್ಣ ಬಿಟ್ಟೈತಿ!" ಅಂತ ಅವರು ಕೂಗಿದ ಕೂಗಿಗೆ ಅತ್ತೆ ಎದ್ದು ಕೂತರು.

ಸೀರೆ ಬಣ್ಣ ಬಿಟ್ಟಿರಲಿಲ್ಲ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಸಾಬೂನೂ ಕ್ಷಾರವೇ, ಸುಣ್ಣವೂ ಕ್ಷಾರವೇ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಹೀಗೇ ಅಲ್ವಾ? ಅತ್ತೆಗೆ ಇದನ್ನು ಯಾರೂ ಹೇಳಬೇಕಾಗಲಿಲ್ಲ. ಅಡುಗೆಮನೆಯಿಂದ ನಿಂಬೆಹಣ್ಣಿನ ಹೋಳು ತರಿಸಿ ತಿಕ್ಕಿದರು. ಕೆಂಪು ಹೋಗಿ ಹಳದಿಯಾಯಿತು. "ಇನ್ನ ಬಿಸಲಾಗ ಹಾಕ್ರಿ, ತಾನ ಹೋಗತೈತಿ." ಅರಿಶಿನಕ್ಕೆ ಬಿಸಿಲು ಆಗದು. ಬಿಸಿಲಿಗೆ ನಮ್ಮಲ್ಲಿ ಬರವೂ ಇಲ್ಲ. ದಿನ ಕಳೆದಂತೆ ಹೆಜ್ಜೆ ಮಾಸಿತು.

ಬೈಗುಳಕ್ಕೆ ನಾನು ತಯಾರಾಗಿದ್ದೆ. ಅತ್ತೆ ಬೈಯಲಿಲ್ಲ, ಹೋಲಿಸಿದರು. ಅದು ಇನ್ನೂ ಕಷ್ಟ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ, ಮಣ್ಣೆತ್ತಿನ ಅಮಾವಾಸ್ಯೆಗೆ ತಾವೇ ಕೆರೆಯ ಮಣ್ಣು ತಂದು ಮಾಡಿದ ಎತ್ತಿಗೆ ಬಣ್ಣ, ಎಲ್ಲ ಆದ ಮೇಲೆ ಹೇಳಿದರು: "ನಾವು ಗೊಂಬಿಗೆ ಬಣ್ಣಾ ಹಚ್ಚತಿದ್ವಿ. ನೀವು ಗೊಂಬೀಲೆ ಮಂದಿಗೆ ಹಚ್ಚತೀರಿ."

ಇಷ್ಟೆಲ್ಲ ಆದರೂ ಹಾಳೆಯ ಮೇಲೂ ಒಂದಿಷ್ಟು ಚಿತ್ರ ಬಂದಿತ್ತು, ಅದನ್ನು ಟಿವಿ ಪಕ್ಕದ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ನಮ್ಮೆಜಮಾನರು "ಮಾಡರ್ನ್ ಆರ್ಟ್" ಅಂತ ತೋರಿಸಿದರು. ಮೈದಾ, ಅದರ ಮೇಲೆ ಬೀಟ್‌ರೂಟಿನ ಸಿಹಿ. ಮರುದಿನ ಬೆಳಿಗ್ಗೆ ಹುಡುಗ ಹಾಸಿಗೆಯಿಂದ ಎಬ್ಬಿಸಿ ಎಳೆದುಕೊಂಡು ಹೋದ.

"ಮಮ್ಮೀ, ನನ್ನ ಗೆರಿ ಅಡ್ಡ್ಯಾಡಾಕ ಹತ್ಯಾವು!"

ಇರುವೆಗಳು, ಅವನೆಳೆದ ಗೆರೆಯ ಮೇಲೇ, ಸಾಲು ತಪ್ಪದೆ, ಲೋಡ್ ಹೊತ್ತುಕೊಂಡು ಹೊರಟಿದ್ದವು. ಒರೆಸಲು ಅವನು ಬಿಡಲಿಲ್ಲ. ಫ್ಯಾಕ್ಟರಿ ಎಲ್ಲಿದೆ ಅಂತ ನೋಡಬೇಕಂತೆ.